ಪೆಟ್ಟಿಗೆ ನಿಮ್ಮದು, ಕೀಲಿಕೈ ಅವರದು

ಹೊಸ ಮಿಕ್ಸಿಯೊಂದನ್ನು ಮನೆಗೆ ತಂದಿದ್ದೀರಿ ಎಂದಿಟ್ಟುಕೊಳ್ಳಿ. ಕಾಯಿತುರಿ, ಹುರಿದ ಮೆಣಸಿನಕಾಯಿ, ಒಂದಿಷ್ಟು ಹುಣಿಸೆಹಣ್ಣು ಹಾಕಿ ಗುಂಡಿ ತಿರುಗಿಸಿದರೆ ಮಿಕ್ಸಿ ಜಪ್ಪಯ್ಯ ಅನ್ನುವುದಿಲ್ಲ. ಕಂಪನಿಗೆ ಫೋನ್ ಮಾಡಿ ಕೇಳಿದರೆ, ‘ನಮ್ಮ ಮುದ್ರೆಯಿರುವ ಮೆಣಸಿನಕಾಯಿ ಹಾಕಿ, ತಿರುಗುತ್ತದೆ’ ಎಂಬ ಉತ್ತರ. ಅಂಥ ಮಿಕ್ಸಿಯನ್ನು ಯಾರಾದರೂ ಅಡುಗೆಮನೆಯಲ್ಲಿ ಇಟ್ಟುಕೊಂಡಾರೆಯೇ? ಅದೇ ಸಂಜೆ ಅಂಗಡಿಯವನ ಮುಂದೆ ತಂದಿಟ್ಟು ದುಡ್ಡು ವಾಪಸು ಕೇಳುತ್ತಾರೆ.

ಆದರೆ ಜಗತ್ತಿನ ಕೋಟ್ಯಂತರ ಮನೆಗಳಲ್ಲಿ ಇಂಥದೇ ಪೆಟ್ಟಿಗೆಯೊಂದು ಟೀವಿಯ ಪಕ್ಕದಲ್ಲಿ ಹಾಯಾಗಿ ಕುಳಿತಿದೆ. ಅದರ ಹೆಸರು ಗೇಮ್ ಕನ್ಸೋಲ್. ತಯಾರಕರು ಒಪ್ಪಿದ ಆಟವನ್ನು ಮಾತ್ರ ಅದು ಆಡಿಸುತ್ತದೆ. ಒಪ್ಪದ ಆಟವನ್ನು ಹಾಕಿದರೆ ಮುಖ ತಿರುಗಿಸುತ್ತದೆ. ದುಡ್ಡು ಕೊಟ್ಟು ಕೊಂಡವರು ಇದನ್ನು ಪ್ರಶ್ನಿಸುವುದೂ ಅಪರೂಪ. ‘ವಿಡಿಯೋ ಗೇಮ್ ಅಂದರೆ ಹಾಗೇ’ ಎಂಬುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ.

ಹಾಗಿರಲೇಬೇಕು ಎಂಬ ನಿಯಮವೇನೂ ಮೊದಲು ಇರಲಿಲ್ಲ. ಈ ಬೀಗ ಬಂದದ್ದಕ್ಕೆ ಒಂದು ಕಾರಣವಿತ್ತು. ಆ ಕಾರಣ ಸುಳ್ಳೂ ಅಲ್ಲ. ಆದರೆ ಬೀಗ ಬಂದ ಮೇಲೆ ಅದು ಯಾರನ್ನು ಕಾಯುತ್ತಿದೆ, ಕೊಂಡವರನ್ನೋ ಮಾರಿದವರನ್ನೋ ಎಂಬ ಪ್ರಶ್ನೆಗೆ ಇಂದಿಗೂ ನೆಟ್ಟಗಿನ ಉತ್ತರವಿಲ್ಲ. ಆಡುವ ಮಕ್ಕಳಿಗೂ ದುಡ್ಡು ಕೊಡುವ ಅಪ್ಪ ಅಮ್ಮಂದಿರಿಗೂ ಸಮಾನವಾಗಿ ಸಂಬಂಧಿಸಿದ ಪ್ರಶ್ನೆ ಇದು.

ಬಾಗಿಲಿಗೆ ಅಗುಳಿಯೇ ಇರಲಿಲ್ಲ

ಗೇಮ್ ಕನ್ಸೋಲ್ ಎಂದರೆ ಆಟಕ್ಕೆಂದೇ ಮಾಡಿದ ಕಂಪ್ಯೂಟರ್, ಅಷ್ಟೆ. ಎಂಜಿನಿಯರ್ ರಾಲ್ಫ್ ಬೇರ್ ಅವರ ಕಲ್ಪನೆಯಿಂದ ಹುಟ್ಟಿದ ‘ಒಡಿಸ್ಸಿ’ ಎಂಬ ಪೆಟ್ಟಿಗೆಯನ್ನು ಮ್ಯಾಗ್ನವಾಕ್ಸ್ ಕಂಪನಿ 1972ರಲ್ಲಿ ಅಮೆರಿಕದ ಅಂಗಡಿಗಳಿಗೆ ತಂದಿತು. ಮನೆಯ ಟೀವಿಗೆ ಜೋಡಿಸುವ ಮೊದಲ ವಿಡಿಯೋ ಗೇಮ್ ಅದು. 1977ರಲ್ಲಿ ಅಟಾರಿ ಕಂಪನಿ ತಂದ ಪೆಟ್ಟಿಗೆ ಈ ಆಟವನ್ನು ಮನೆಮಾತಾಗಿಸಿತು. ಒಂದು ಯಂತ್ರ ಕೊಂಡರೆ ಸಾಕು, ಕಾರ್ಟ್ರಿಜ್ ಬದಲಾಯಿಸುತ್ತ ಬೇರೆ ಬೇರೆ ಆಟ ಆಡಬಹುದು. ಇಲ್ಲಿನ ಹುಡುಗರು ಮುಂದೆ ‘ಕ್ಯಾಸೆಟ್’ ಎಂದು ಕರೆದದ್ದು ಈ ಕಾರ್ಟ್ರಿಜ್ ಅನ್ನೇ.

ಅಟಾರಿಯ ಯಂತ್ರಕ್ಕೆ ಬೀಗವಿರಲಿಲ್ಲ. ಬೇರೆಯವರೂ ಆಟ ಬರೆದು ಮಾರಿಯಾರು ಎಂಬ ಯೋಚನೆಯೇ ಕಂಪನಿಗೆ ಬಂದಿರಲಿಲ್ಲ. ಆದರೆ ಅಲ್ಲಿ ಆಟ ಬರೆಯುತ್ತಿದ್ದ ಪ್ರೋಗ್ರಾಮರುಗಳ ಹೆಸರು ಡಬ್ಬಿಯ ಮೇಲೆ ಇರುತ್ತಿರಲಿಲ್ಲ, ಲಾಭದಲ್ಲಿ ಪಾಲೂ ಸಿಗುತ್ತಿರಲಿಲ್ಲ. ಬೇಸತ್ತ ನಾಲ್ವರು ಹೊರಬಂದು 1979ರಲ್ಲಿ ‘ಆ್ಯಕ್ಟಿವಿಷನ್’ ಎಂಬ ಕಂಪನಿ ಕಟ್ಟುವುದರಲ್ಲಿ ಪಾಲುದಾರರಾದರು. ಅಟಾರಿಯ ಯಂತ್ರಕ್ಕೇ ಆಟ ಬರೆದು ಮಾರತೊಡಗಿದರು. ಅಟಾರಿ ಕೋರ್ಟಿಗೆ ಹೋಯಿತು. 1982ರ ಹೊತ್ತಿಗೆ ರಾಜಿಯಾಯಿತು. ಬಾಗಿಲು ತೆರೆದೇ ಉಳಿಯಿತು.

ತೆರೆದ ಬಾಗಿಲಿನಿಂದ ಒಳ್ಳೆಯವರ ಹಿಂದೆಯೇ ಕಂಡಕಂಡವರೂ ನುಗ್ಗಿದರು. ಓಟ್ಸ್ ಮಾರುವ ಕ್ವೇಕರ್ ಕಂಪನಿ ಆಟದ ವಿಭಾಗ ತೆರೆಯಿತು. ನಾಯಿಯ ಆಹಾರ ತಯಾರಿಸುವ ಕಂಪನಿಯೊಂದು ತನ್ನ ಸರಕಿನ ಪ್ರಚಾರಕ್ಕೆಂದೇ ಆಟವೊಂದನ್ನು ಬಿಟ್ಟಿತು. ಅಟಾರಿಯೇನೂ ಹಿಂದೆ ಬೀಳಲಿಲ್ಲ. ‘ಇ.ಟಿ.’ ಚಿತ್ರದ ಹೆಸರಿನಲ್ಲಿ 1982ರ ಕ್ರಿಸ್‌ಮಸ್ಸಿಗೆ ಆಟ ಬೇಕೆಂದು ಹೋವರ್ಡ್ ಸ್ಕಾಟ್ ವಾರ್‌ಷಾ ಎಂಬ ಪ್ರೋಗ್ರಾಮರ್‌ಗೆ ಕೊಟ್ಟದ್ದು ಸುಮಾರು ಐದು ವಾರಗಳ ಗಡುವು! ತಿಂಗಳುಗಟ್ಟಲೆ ಹಿಡಿಯುವ ಕೆಲಸ ಐದು ವಾರಕ್ಕೆ ಮುಗಿದರೆ ಏನಾಗಬೇಕೋ ಅದೇ ಆಯಿತು.

ಡಬ್ಬಿಯ ಮೇಲೆ ಬಣ್ಣಬಣ್ಣದ ಚಿತ್ರ, ಒಳಗೆ ಅರ್ಥವಿಲ್ಲದ ಆಟ. ಕೊಳ್ಳುವ ಮುಂಚೆ ಯಾರನ್ನು ಕೇಳುವುದು? ವಿಡಿಯೋ ಗೇಮಿಗೆಂದೇ ಮೀಸಲಾದ ಅಮೆರಿಕದ ಮೊದಲ ಪತ್ರಿಕೆ ‘ಎಲೆಕ್ಟ್ರಾನಿಕ್ ಗೇಮ್ಸ್’ ಶುರುವಾದದ್ದೇ 1981ರಲ್ಲಿ. ಮೋಸಹೋದ ಅಪ್ಪ ಅಮ್ಮಂದಿರು ಪರ್ಸಿನ ಬಾಯಿ ಮುಚ್ಚಿದರು. ಅದೇ ವೇಳೆಗೆ ಮನೆಗೆ ಕೊಳ್ಳಬಹುದಾದ ಕಂಪ್ಯೂಟರುಗಳೂ ಅಗ್ಗವಾದವು. 1983ರಲ್ಲಿ ಸುಮಾರು 300 ಕೋಟಿ ಡಾಲರಿನಷ್ಟಿದ್ದ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಕುಸಿಯಿತು. ಮಾರಾಟವಾಗದ ಸರಕನ್ನು ಅಟಾರಿ 1983ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತು. ಇದು ಬರೀ ಕಟ್ಟುಕತೆ ಎಂದು ಅನೇಕರು ನಂಬಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದಾಗ ಕಾರ್ಟ್ರಿಜ್‌ಗಳು ಮಣ್ಣಿನಿಂದ ಎದ್ದುಬಂದವು.

ಮಗ್ಗಿ ಒಪ್ಪಿಸುವ ಚಿಪ್‌ಗಳು

ಒಳ್ಳೆಯ ಆಟ ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವರಿಗೆ ಹೇಳುವವರು ಯಾರು? ಎರಡು ದಾರಿಗಳಿದ್ದವು. ಒಂದು, ಪಕ್ಷಪಾತವಿಲ್ಲದ ವಿಮರ್ಶೆ. ಇನ್ನೊಂದು, ತಯಾರಕನೇ ಬಾಗಿಲಲ್ಲಿ ನಿಂತು ಒಳಗೆ ಬಿಡುವವರನ್ನು ಆರಿಸುವುದು. ಜಪಾನಿನ ನಿಂಟೆಂಡೊ ಎರಡನೆಯದನ್ನು ಆರಿಸಿಕೊಂಡಿತು.

1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ‘ಹನಫುಡಾ’ ಎಲೆಗಳನ್ನು ಮಾಡುತ್ತ ಶುರುವಾದ ಕಂಪನಿ ಇದು. 1983ರ ಜುಲೈಯಲ್ಲಿ ‘ಫ್ಯಾಮಿಕಾಮ್’ ಎಂಬ ಕನ್ಸೋಲನ್ನು ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದಕ್ಕೂ ಬೀಗವಿರಲಿಲ್ಲ. ಆದರೆ 1985ರಲ್ಲಿ ಅದೇ ಯಂತ್ರಕ್ಕೆ ಹೊಸ ಅಂಗಿ ತೊಡಿಸಿ, ‘ಎನ್‌ಇಎಸ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ತಂದಾಗ ಒಳಗೊಂದು ಪುಟ್ಟ ಚಿಪ್ ಸೇರಿಕೊಂಡಿತ್ತು.

ಅದರ ಕೆಲಸ ಸರಳ. ಒಂದೇ ಬೆಂಚಿನ ಇಬ್ಬರು ಹುಡುಗರು ಒಟ್ಟಿಗೆ ಮಗ್ಗಿ ಒಪ್ಪಿಸುವುದನ್ನು ಕಲ್ಪಿಸಿಕೊಳ್ಳಿ. ಒಬ್ಬನು ಯಂತ್ರದೊಳಗಿನ ಚಿಪ್, ಇನ್ನೊಬ್ಬನು ಕಾರ್ಟ್ರಿಜ್‌ನೊಳಗಿನ ಚಿಪ್. ಯಂತ್ರದ ಗುಂಡಿ ಒತ್ತಿದ ಕೂಡಲೇ ಇಬ್ಬರೂ ಒಂದೇ ಗುಟ್ಟಿನ ಲೆಕ್ಕವನ್ನು ಒಂದೇ ತಾಳದಲ್ಲಿ ಹೇಳತೊಡಗುತ್ತಾರೆ, ಒಬ್ಬರದನ್ನೊಬ್ಬರು ಕೇಳಿಸಿಕೊಳ್ಳುತ್ತಿರುತ್ತಾರೆ. ಎಲ್ಲಿಯವರೆಗೆ ಇಬ್ಬರ ಉತ್ತರವೂ ಕೂಡುತ್ತದೋ ಅಲ್ಲಿಯವರೆಗೆ ಆಟ ನಡೆಯುತ್ತದೆ. ಕಾರ್ಟ್ರಿಜ್‌ನವನು ತಪ್ಪಿದ ಅಥವಾ ಬಾಯೇ ಬಿಡಲಿಲ್ಲ ಎಂದರೆ ಯಂತ್ರದ ಚಿಪ್ ಇಡೀ ಆಟವನ್ನು ‘ಮೊದಲಿನಿಂದ ಶುರುಮಾಡು’ ಎನ್ನುತ್ತದೆ. ಸೆಕೆಂಡಿಗೊಮ್ಮೆ ಹೀಗೇ ಅನ್ನುತ್ತಲೇ ಇರುತ್ತದೆ. ಪರದೆ ಮಿಣುಕುತ್ತದೆಯೇ ಹೊರತು ಆಟ ಮೇಲೇಳುವುದಿಲ್ಲ.

ಗುಟ್ಟಿನ ಮಗ್ಗಿ ಗೊತ್ತಿದ್ದದ್ದು ನಿಂಟೆಂಡೊಗೆ ಮಾತ್ರ. ಆದ್ದರಿಂದ ಕೀಲಿಚಿಪ್ ಇರುವ ಕಾರ್ಟ್ರಿಜ್ ಬೇಕೆಂದರೆ ಎಲ್ಲರೂ ಅದರ ಬಾಗಿಲಿಗೇ ಬರಬೇಕು. ಬಂದವರಿಗೆ ಷರತ್ತುಗಳ ಪಟ್ಟಿ ಸಿದ್ಧವಾಗಿತ್ತು. ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರುವಂತಿಲ್ಲ. ಕಾರ್ಟ್ರಿಜ್‌ಗಳನ್ನು ನಿಂಟೆಂಡೊದಿಂದಲೇ ಮಾಡಿಸಬೇಕು, ಹಣ ಮೊದಲೇ ಕಟ್ಟಬೇಕು. ಆ ಆಟವನ್ನು ಎರಡು ವರ್ಷ ಬೇರೆ ಕಂಪನಿಯ ಯಂತ್ರಕ್ಕೆ ಕೊಡುವಂತಿಲ್ಲ. ಎಲ್ಲಕ್ಕೂ ಒಪ್ಪಿದರೆ ಡಬ್ಬಿಯ ಮೇಲೆ ‘ಗುಣಮಟ್ಟದ ಅಧಿಕೃತ ಮುದ್ರೆ’.

ಕಸದ ಗುಂಡಿಯ ಕತೆ ನೋಡಿದವರಿಗೆ ಇದು ಒಳ್ಳೆಯದಾಗಿಯೇ ಕಂಡಿತು. ವರ್ಷಕ್ಕೆ ಐದೇ ಎಂದರೆ ಕಂಪನಿಗಳು ತಮ್ಮಲ್ಲಿ ಚೆನ್ನಾಗಿರುವುದನ್ನೇ ಹೊರತರುತ್ತವಲ್ಲ? ಸೂಪರ್ ಮಾರಿಯೋ, ಜೆಲ್ಡಾ ಮೊದಲಾದ ಆಟಗಳು ಒಂದು ತಲೆಮಾರನ್ನೇ ಹಿಡಿದಿಟ್ಟವು. ಸತ್ತೇಹೋಗಿದ್ದ ವ್ಯಾಪಾರ ಮತ್ತೆ ಎದ್ದುಕೂತಿತು. ಇದರಲ್ಲಿ ಬೀಗದ ಪಾಲನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಮುದ್ರೆ ಏನನ್ನು ಹೇಳುತ್ತಿತ್ತು? ಕಾರ್ಟ್ರಿಜ್ ಅಸಲಿ, ಯಂತ್ರದಲ್ಲಿ ಸರಿಯಾಗಿ ನಡೆಯುತ್ತದೆ, ಕಂಪನಿಯ ನಿಯಮಕ್ಕೆ ಒಳಪಟ್ಟಿದೆ ಎಂದು. ಆಟ ಸ್ವಾರಸ್ಯವಾಗಿದೆಯೇ ಎಂಬ ಮಾತಿಗೂ ಮುದ್ರೆಗೂ ಸಂಬಂಧವಿರಲಿಲ್ಲ. ಮುದ್ರೆ ಹೊತ್ತ ನೀರಸ ಆಟಗಳಿಗೂ ಕೊರತೆಯಿರಲಿಲ್ಲ. 2003ರಲ್ಲಿ ನಿಂಟೆಂಡೊ ಆ ಮುದ್ರೆಯಿಂದ ‘ಗುಣಮಟ್ಟ’ ಎಂಬ ಮಾತನ್ನೇ ಕೈಬಿಟ್ಟಿತು. ಉಳಿದದ್ದು ಬರೀ ‘ಅಧಿಕೃತ ಮುದ್ರೆ’.

ಬಾಗಿಲು ಕಾಯುವವನಿಗೆ ಬೆಲೆ ಕಟ್ಟುವ ಆಸೆಯೂ ಬರುತ್ತದೆ. ಅಂಗಡಿಗಳು ಯಂತ್ರವನ್ನು ನಿಗದಿತ ಬೆಲೆಗಿಂತ ಅಗ್ಗಕ್ಕೆ ಮಾರದಂತೆ ಕಂಪನಿ ಒತ್ತಡ ಹೇರಿತೆಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಮತ್ತು ರಾಜ್ಯಗಳು ಮಧ್ಯೆ ಬಂದವು. 1991ರಲ್ಲಿ ರಾಜಿಯಾಯಿತು. ಗ್ರಾಹಕರಿಗೆ ಸಿಕ್ಕಿದ್ದು ತಲಾ 5 ಡಾಲರಿನ ಕೂಪನ್. ಆ ಕೂಪನ್ ನಡೆಯುತ್ತಿದ್ದದ್ದು ನಿಂಟೆಂಡೊ ಆಟ ಕೊಳ್ಳಲು ಮಾತ್ರ!

ಬೀಗ ಒಡೆದವರು, ಗೆದ್ದವರು

ಬೀಗವಿದ್ದಲ್ಲಿ ಅದನ್ನು ತೆರೆಯಲು ಹೊರಡುವವರೂ ಇರುತ್ತಾರೆ. ಕೆಲವು ಸಣ್ಣ ಕಂಪನಿಗಳು ಯಂತ್ರದ ಚಿಪ್‌ಗೆ ಕ್ಷಣಮಾತ್ರ ವಿದ್ಯುತ್ತಿನ ಪೆಟ್ಟು ಕೊಟ್ಟು ಅದರ ತಲೆ ತಿರುಗಿಸಿ, ಆ ಗೊಂದಲದಲ್ಲಿ ತಮ್ಮ ಆಟವನ್ನು ಒಳನುಗ್ಗಿಸಿದವು. ಅಟಾರಿ ಗೇಮ್ಸ್‌ನದು ಇನ್ನೂ ವಿಚಿತ್ರ ಕತೆ. ಚಿಪ್‌ನ ಗುಟ್ಟನ್ನು ಪ್ರಯೋಗಶಾಲೆಯಲ್ಲಿ ಪೂರ್ತಿ ಭೇದಿಸಲಾಗದೆ ಹೋದಾಗ, ತನ್ನ ಮೇಲೆ ಮೊಕದ್ದಮೆ ಇದೆ ಎಂದು ಸುಳ್ಳು ಹೇಳಿ, ನಿಂಟೆಂಡೊ ನೋಂದಾಯಿಸಿದ್ದ ಪ್ರೋಗ್ರಾಮಿನ ಪ್ರತಿಯನ್ನು ಸರ್ಕಾರದ ಕೃತಿಸ್ವಾಮ್ಯ ಕಚೇರಿಯಿಂದಲೇ ಪಡೆಯಿತು. ಅದನ್ನು ನೋಡಿ ಬದಲಿ ಕೀಲಿ ಮಾಡಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ತಪ್ಪು ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು: ನ್ಯಾಯವಾಗಿ ಕೊಂಡ ಚಿಪ್ಪನ್ನು ಬಿಚ್ಚಿ, ಅದು ಹೇಗೆ ಕೆಲಸ ಮಾಡುತ್ತದೆಂದು ಕಲಿಯಲು ಅಗತ್ಯವಿದ್ದಷ್ಟು ನಕಲು ಮಾಡುವುದು ತಪ್ಪಾಗಲಾರದು.

ಅದೇ ವರ್ಷ ‘ಸೆಗಾ’ ಕಂಪನಿಯ ಯಂತ್ರಕ್ಕೆ ಒಪ್ಪಿಗೆಯಿಲ್ಲದೆ ಆಟ ಬರೆದ ‘ಅಕೊಲೇಡ್’ ಪ್ರಕರಣದಲ್ಲೂ ನ್ಯಾಯಾಲಯ ಇದೇ ದಾರಿ ಹಿಡಿಯಿತು. ಯಂತ್ರಕ್ಕೆ ಹೊಂದುವ ಸ್ವಂತ ಆಟ ಬರೆಯಲು ಬೇರೆ ದಾರಿಯಿಲ್ಲದಾಗ ಒಳಗಿನ ಪ್ರೋಗ್ರಾಮನ್ನು ಬಿಡಿಸಿ ನೋಡಬಹುದು ಎಂದಿತು. ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕಾದ ತೀರ್ಪು ಇದು. ಕದಿಯುವುದಕ್ಕೂ ಕಲಿಯುವುದಕ್ಕೂ ನಡುವೆ ಒಂದು ಗೆರೆಯಿದೆ ಎಂದು ಕಾನೂನೇ ಗುರುತಿಸಿದ ಸಂದರ್ಭ.

ಮಕ್ಕಳಿಗೆ ಇಷ್ಟವಾಗುವ ಮೊಕದ್ದಮೆ ಇನ್ನೊಂದಿದೆ. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ರೂಪಿಸಿ, ಅಮೆರಿಕದ ಗಲೂಬ್ ಎಂಬ ಆಟಿಕೆ ಕಂಪನಿ ಮಾರಿದ ‘ಗೇಮ್ ಜೀನಿ’ ಯಂತ್ರಕ್ಕೂ ಕಾರ್ಟ್ರಿಜ್‌ಗೂ ನಡುವೆ ಕೂರುವ ಸಾಧನ. ಕಾರ್ಟ್ರಿಜ್ ಅಸಲಿಯೇ ಆದ್ದರಿಂದ ಮಗ್ಗಿಯ ಪರೀಕ್ಷೆಯಲ್ಲಿ ಅದು ಪಾಸಾಗುತ್ತಿತ್ತು. ಆದರೆ ಯಂತ್ರಕ್ಕೆ ಹೋಗುವ ಒಂದೆರಡು ಅಂಕಿಗಳನ್ನು ಜೀನಿ ದಾರಿಯಲ್ಲೇ ಬದಲಿಸುತ್ತಿತ್ತು. ಮೂರು ಜೀವವಿದ್ದ ನಾಯಕನಿಗೆ ಮುಗಿಯದಷ್ಟು ಜೀವ! ತನ್ನ ಆಟವನ್ನು ಕೆಡಿಸುತ್ತಿದ್ದಾರೆ ಎಂದು ನಿಂಟೆಂಡೊ ಕೋರ್ಟಿಗೆ ಹೋಗಿ ಸೋತಿತು. ದುಡ್ಡು ಕೊಟ್ಟು ಕೊಂಡ ಆಟವನ್ನು ಮನೆಯಲ್ಲಿ ಕುಳಿತು ತನಗೆ ಬೇಕಾದಂತೆ ಆಡುವುದು ಗ್ರಾಹಕನ ಹಕ್ಕು ಎಂಬುದು ತೀರ್ಪಿನ ಸಾರ. ಮಾರಾಟಕ್ಕೆ ತಡೆಯಿದ್ದ ಕಾಲದ ನಷ್ಟಕ್ಕೆ ಗಲೂಬ್‌ಗೆ ಒಂದೂವರೆ ಕೋಟಿ ಡಾಲರ್ ಪರಿಹಾರವೂ ಸಿಕ್ಕಿತು.

ಬೀಗದ ತೊಂದರೆಯನ್ನು ಹೆಚ್ಚು ಉಂಡದ್ದು ಕಳ್ಳರಲ್ಲ, ಅಸಲಿ ಕಾರ್ಟ್ರಿಜ್ ಕೊಂಡ ಮಕ್ಕಳು. ಯಂತ್ರದೊಳಗಿನ ಪಿನ್ನುಗಳು ಸವೆದು ಸಂಪರ್ಕ ಒಂದಿಷ್ಟು ತಪ್ಪಿದರೂ ಎರಡು ಚಿಪ್‌ಗಳ ಮಾತು ಕಡಿಯುತ್ತಿತ್ತು, ಪರದೆ ಮಿಣುಕುತ್ತಿತ್ತು. ಮಕ್ಕಳು ಕಾರ್ಟ್ರಿಜ್ ತೆಗೆದು ‘ಉಫ್’ ಎಂದು ಊದಿ ಮತ್ತೆ ಹಾಕುತ್ತಿದ್ದರು. ಉಸಿರಿನ ತೇವದಿಂದ ಪಿನ್ ಹಾಳಾಗುತ್ತದೆ, ಊದಬೇಡಿ ಎಂದು ಕಂಪನಿ ಹೇಳಿದರೂ ಊದುವುದು ನಿಲ್ಲಲಿಲ್ಲ. 1993ರಲ್ಲಿ ಅದೇ ಯಂತ್ರದ ಹೊಸ ಮಾದರಿ ಬಂದಾಗ ಕಂಪನಿ ಆ ಬೀಗದ ಚಿಪ್ಪನ್ನೇ ತೆಗೆದುಹಾಕಿತ್ತು.

ಬೀಗವಿಲ್ಲದ ಪೆಟ್ಟಿಗೆ ಕರ್ನಾಟಕಕ್ಕೆ

ಊದಿ ಹಾಕುವ ಈ ವಿದ್ಯೆ ತೊಂಬತ್ತರ ದಶಕದಲ್ಲಿ ಬೆಳೆದ ಕನ್ನಡದ ಹುಡುಗ ಹುಡುಗಿಯರಿಗೂ ಚೆನ್ನಾಗಿ ಗೊತ್ತು. ಆಗ ಇಲ್ಲಿನ ಮನೆಗಳಿಗೆ ಬಂದ ‘ಟೀವಿ ಗೇಮ್’ಗಳಲ್ಲಿ ಬಹುಪಾಲು ಜಪಾನಿನ ಫ್ಯಾಮಿಕಾಮ್‌ನ ನಕಲುಗಳು. ಮೂಲ ಫ್ಯಾಮಿಕಾಮ್‌ಗೆ ಬೀಗವಿರಲಿಲ್ಲವಲ್ಲ, ನಕಲು ಮಾಡುವವರಿಗೆ ಅದೇ ಅನುಕೂಲವಾಯಿತು. ‘9999 ಇನ್ 1’ ಎಂದು ಬರೆದ ಕ್ಯಾಸೆಟ್ ಹಾಕಿದರೆ ಅದೇ ಹತ್ತಿಪ್ಪತ್ತು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಮಾರಿಯೋ, ಕಾಂಟ್ರಾ, ಟ್ಯಾಂಕ್ ಯುದ್ಧ, ಬಾತುಕೋಳಿಗೆ ಗುರಿಯಿಡುವ ಬಂದೂಕು... ಬೇಸಿಗೆ ರಜೆಯ ಮಧ್ಯಾಹ್ನಗಳು ಅವುಗಳಲ್ಲೇ ಕರಗಿದವು. ಒಬ್ಬರ ಕ್ಯಾಸೆಟ್ಟು ಇಡೀ ಬೀದಿಯ ಮನೆಗಳನ್ನು ಸುತ್ತಿಬರುತ್ತಿತ್ತು.

ನಕಲು ನಕಲೇ. ಆ ಕ್ಯಾಸೆಟ್ಟಿನ ದುಡ್ಡಿನಲ್ಲಿ ಆಟ ಬರೆದವರಿಗೆ ಬಿಡಿಗಾಸೂ ಸೇರಲಿಲ್ಲ. ಅದನ್ನು ಸಮರ್ಥಿಸುವ ಅಗತ್ಯವೂ ಇಲ್ಲ. ಆದರೆ ಆ ಪೆಟ್ಟಿಗೆಗಳಿಂದ ಒಂದು ಸಂಗತಿ ತಿಳಿಯುತ್ತದೆ. ಬೀಗವಿಲ್ಲದ ಕಡೆ ಆಟ ಕೈಯಿಂದ ಕೈಗೆ ದಾಟುತ್ತದೆ, ಕೆಟ್ಟರೆ ಪೇಟೆಯ ರೇಡಿಯೋ ರಿಪೇರಿಯವನೂ ಬಿಚ್ಚಿ ಬೆಸುಗೆ ಹಾಕಿ ಕೊಡುತ್ತಾನೆ. ಬೀಗವಿರುವ ಕಡೆ ಇವೆರಡಕ್ಕೂ ಕಂಪನಿಯ ಅಪ್ಪಣೆ ಬೇಕು.

ಅಂಕ ಕೊಡುವವರ ಕೈ ಯಾರು ಹಿಡಿದಿದ್ದಾರೆ?

ಇನ್ನು ಮೊದಲನೆಯ ದಾರಿಯ, ಅಂದರೆ ವಿಮರ್ಶೆಯ ಗತಿ ಏನಾಯಿತು? ನಿಂಟೆಂಡೊ 1988ರಲ್ಲಿ ಅಮೆರಿಕದಲ್ಲಿ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆಯನ್ನು ತಾನೇ ಶುರುಮಾಡಿತು. ಯಂತ್ರ ಮಾಡುವವರೂ ಅವರೇ, ಆಟಕ್ಕೆ ಒಪ್ಪಿಗೆ ಕೊಡುವವರೂ ಅವರೇ, ಆಟದ ಬಗ್ಗೆ ಬರೆಯುವವರೂ ಅವರೇ. ಮದುವೆಯ ಗಂಡಿನ ಗುಣವನ್ನು ಗಂಡಿನ ತಾಯಿಯ ಬಾಯಲ್ಲೇ ಕೇಳಿದಂತೆ!

ಜಪಾನಿನ ‘ಫ್ಯಾಮಿತ್ಸು’ ಪತ್ರಿಕೆ ಬೇರೊಂದು ಕ್ರಮ ತಂದಿತು. ಒಂದು ಆಟಕ್ಕೆ ನಾಲ್ವರು ವಿಮರ್ಶಕರು, ಒಬ್ಬೊಬ್ಬರಿಗೆ ಹತ್ತು ಅಂಕ, ಒಟ್ಟು ನಲವತ್ತು. ನಲವತ್ತಕ್ಕೆ ನಲವತ್ತು ಮೊದಲ ಬಾರಿಗೆ ಸಿಕ್ಕಿದ್ದು 1998ರಲ್ಲಿ, ‘ಜೆಲ್ಡಾ’ ಸರಣಿಯ ‘ಒಕರಿನಾ ಆಫ್ ಟೈಮ್’ಗೆ. ಒಬ್ಬರ ರುಚಿಗಿಂತ ನಾಲ್ವರ ರುಚಿ ವಾಸಿ ಎಂಬುದು ಒಳ್ಳೆಯ ಆಲೋಚನೆಯೇ.

ಅಂಕಗಳ ಮಹಿಮೆ ಮುಂದೆ ವಿಪರೀತಕ್ಕೆ ಹೋಯಿತು. ಹತ್ತಾರು ವಿಮರ್ಶೆಗಳ ಸರಾಸರಿ ತೆಗೆಯುವ ‘ಮೆಟಾಕ್ರಿಟಿಕ್’ ಬಂದ ಮೇಲೆ ಪ್ರಕಾಶಕರು ಆ ಸರಾಸರಿಗೇ ದುಡ್ಡನ್ನು ಕಟ್ಟಿಹಾಕಿದರು. 2010ರಲ್ಲಿ ಬಂದ ‘ಫಾಲ್ಔಟ್: ನ್ಯೂ ವೇಗಸ್’ ಆಟವನ್ನು ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಸರಾಸರಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಒಂದೇ ಅಂಕಕ್ಕೆ ಬೋನಸ್ ತಪ್ಪಿತೆಂದು ಆ ಸಂಸ್ಥೆಯ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಸೀಟು ತಪ್ಪಿದ ವಿದ್ಯಾರ್ಥಿಗಳಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ವಿಮರ್ಶಕರ ಪಾಡು ಇನ್ನೊಂದು ಬಗೆಯದು. 2007ರ ನವೆಂಬರಿನಲ್ಲಿ ‘ಗೇಮ್‌ಸ್ಪಾಟ್’ ತಾಣದ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ಅವರು ಸಾಧಾರಣ ಅಂಕ ಕೊಟ್ಟಿದ್ದ ‘ಕೇನ್ ಅಂಡ್ ಲಿಂಚ್’ ಆಟದ ಜಾಹೀರಾತು ಆಗ ಅದೇ ತಾಣದಲ್ಲಿ ರಾರಾಜಿಸುತ್ತಿತ್ತು. ಜಾಹೀರಾತುದಾರರ ಅಸಮಾಧಾನಕ್ಕೂ ತಾವು ಹೊರಬಿದ್ದುದಕ್ಕೂ ನಂಟಿತ್ತೆಂದು ಅವರು 2012ರಲ್ಲಿ ವಿವರಿಸಿದರು.

2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ ಈ ಎರಡೂ ದಾರಿಗಳ ಬಲ, ದೌರ್ಬಲ್ಯ ಎರಡನ್ನೂ ಒಟ್ಟಿಗೇ ತೋರಿಸಿತು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ. ತಾವು ಆಡಿದ ದೃಶ್ಯಗಳನ್ನು ತೋರಿಸಲು ಅವರಿಗೆ ಅನುಮತಿಯಿರಲಿಲ್ಲ, ಕಂಪನಿ ಕೊಟ್ಟದ್ದನ್ನೇ ತೋರಿಸಬೇಕಿತ್ತು. ಅಂಕಗಳೇನೋ ಧಾರಾಳವಾಗಿ ಬಂದವು. 80 ಲಕ್ಷ ಮಂದಿ ಮುಂಗಡವಾಗಿಯೇ ಕೊಂಡಿದ್ದರು. ಆದರೆ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರಿಗೆ ತಡವರಿಸುವ, ನಡುವೆ ನಿಂತೇಹೋಗುವ ಆಟ. ಒಂದೇ ವಾರದಲ್ಲಿ ಸೋನಿ ಕಂಪನಿ ಆ ಆಟವನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. 2021ರ ಜೂನ್‌ವರೆಗೆ ಅದು ಮತ್ತೆ ಮಾರಾಟಕ್ಕೆ ಬರಲಿಲ್ಲ. ಬಾಗಿಲು ಕಾಯುವವನು ಗ್ರಾಹಕರ ಪರ ನಿಂತ ಉದಾಹರಣೆ ಇದು. ಆದರೆ ಅದೇ ಆಟಕ್ಕೆ ಅದೇ ಬಾಗಿಲಲ್ಲಿ ಮೊದಲು ‘ಪಾಸ್’ ಎಂದವನೂ ಅವನೇ ಎಂಬುದನ್ನು ಮರೆಯುವಂತಿಲ್ಲ.

ಮಾರಿದ ಮೇಲೂ ಚಾಚುವ ಕೈ

ಹಳೆಯ ಬೀಗಕ್ಕೆ ಒಂದು ಮಿತಿಯಿತ್ತು. ಯಂತ್ರ ಅಂಗಡಿಯಿಂದ ಹೊರಬಿದ್ದ ಮೇಲೆ ಕಂಪನಿಯ ಕೈ ಅದನ್ನು ಮುಟ್ಟುತ್ತಿರಲಿಲ್ಲ. ಇಂಟರ್‌ನೆಟ್ ಬಂದ ಮೇಲೆ ಆ ಮಿತಿಯೂ ಹೋಯಿತು.

2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಂಡು ಅದನ್ನು ಕಂಪ್ಯೂಟರಿನಂತೆ ಬಳಸುವ ಸೌಲಭ್ಯವಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯ ಸುಮಾರು 1,700 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರನ್ನೇ ಕಟ್ಟಿತು! ಆದರೆ ಭದ್ರತೆಯ ಕಾರಣ ಹೇಳಿ ಸೋನಿ 2010ರ ಏಪ್ರಿಲ್ 1ರಂದು ಬಿಟ್ಟ ಹೊಸ ತಂತ್ರಾಂಶ ಆ ಸೌಲಭ್ಯವನ್ನು ಅಳಿಸಿಹಾಕಿತು. ಹೊಸದು ಬೇಡ ಎನ್ನಬಹುದಿತ್ತು. ಆಗ ಜಾಲದಲ್ಲಿ ಇತರರೊಡನೆ ಆಡುವಂತಿಲ್ಲ, ಹೊಸ ತಂತ್ರಾಂಶ ಬೇಡುವ ಆಟಗಳೂ ನಡೆಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಗ್ರಾಹಕರು ಹೂಡಿದ ಮೊಕದ್ದಮೆ 2018ರಲ್ಲಿ ರಾಜಿಯಲ್ಲಿ ಮುಗಿದಾಗ ಅಮೆರಿಕದ ಅರ್ಹ ಗ್ರಾಹಕರಿಗೆ ನಿಗದಿಯಾದ ಪರಿಹಾರ ತಲಾ ಗರಿಷ್ಠ 65 ಡಾಲರ್.

ಗ್ರಾಹಕರ ಕೂಗು ಗೆದ್ದದ್ದೂ ಉಂಟು. 2013ರಲ್ಲಿ ‘ಎಕ್ಸ್‌ಬಾಕ್ಸ್ ಒನ್’ ಪ್ರಕಟಿಸಿದ ಮೈಕ್ರೊಸಾಫ್ಟ್, ಯಂತ್ರ 24 ಗಂಟೆಗೊಮ್ಮೆ ಜಾಲದ ಮೂಲಕ ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಮಾರಲು, ಎರವಲು ಕೊಡಲು ನಿರ್ಬಂಧವಿರುತ್ತದೆ ಎಂದಿತು. ಗೆಳೆಯನಿಗೆ ಆಟದ ಡಿಸ್ಕ್ ಕೊಡುವುದಕ್ಕೂ ಕಂಪನಿಯ ಅಪ್ಪಣೆಯೇ ಎಂದು ಆಟಗಾರರು ಸಿಡಿದೆದ್ದರು. ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ, ಜೂನ್ 19ರಂದು, ಕಂಪನಿ ಎರಡನ್ನೂ ಹಿಂದಕ್ಕೆ ತೆಗೆದುಕೊಂಡಿತು.

ಡಿಸ್ಕ್ ಇಲ್ಲದೆ ಜಾಲದಿಂದಲೇ ಇಳಿಸಿಕೊಳ್ಳುವ ಆಟಗಳ ಕಾಲದಲ್ಲಿ ಪ್ರಶ್ನೆ ಇನ್ನಷ್ಟು ಗಡುಸಾಗಿದೆ. ಯೂಬಿಸಾಫ್ಟ್‌ನ ‘ದಿ ಕ್ರೂ’ ಎಂಬ ಕಾರ್ ಓಟದ ಆಟ 2014ರದು. 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿದ ಮೇಲೆ ದುಡ್ಡು ಕೊಟ್ಟು ಕೊಂಡವರ ಡಿಸ್ಕೂ ಬರೀ ತಟ್ಟೆಯಾಯಿತು. ಇದರ ವಿರುದ್ಧ ಯೂರೋಪಿನಲ್ಲಿ ನಡೆದ ಸಹಿಸಂಗ್ರಹ 2025ರ ಜುಲೈಯಲ್ಲಿ 10 ಲಕ್ಷ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಂತೆ, ಮುಂದೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವವರು ಅದು ಬರೀ ಬಳಕೆಯ ಪರವಾನಗಿ ಎಂದು ಸ್ಪಷ್ಟವಾಗಿ ಹೇಳಬೇಕು. ನಿಂಟೆಂಡೊ 2025ರ ಮೇ ತಿಂಗಳಲ್ಲಿ ಅಮೆರಿಕದ ಬಳಕೆದಾರರಿಗಾಗಿ ತಿದ್ದಿದ ಒಪ್ಪಂದದಲ್ಲಿ, ನಿಯಮ ಮೀರಿದವರ ಯಂತ್ರವನ್ನೇ ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡುವ ಅಧಿಕಾರ ಇಟ್ಟುಕೊಂಡಿದೆ.

ತಯಾರಕರ ಮಾತೂ ಕೇಳಬೇಕು

ಕಂಪನಿಗಳ ಪರವಾಗಿ ಹೇಳಬೇಕಾದ್ದೂ ಇದೆ. ಕನ್ಸೋಲ್‌ಗಳನ್ನು ಅನೇಕ ಬಾರಿ ತಯಾರಿಕೆಯ ಖರ್ಚಿಗಿಂತ ಕಡಿಮೆಗೇ ಮಾರುತ್ತಾರೆ. ಆ ನಷ್ಟವನ್ನು ಪ್ರತಿ ಆಟದಿಂದ ಬರುವ ಪಾಲಿನಲ್ಲಿ ತುಂಬಿಕೊಳ್ಳುತ್ತಾರೆ. ಬೀಗ ಹೋದರೆ ಯಂತ್ರದ ಬೆಲೆ ಏರುತ್ತದೆ. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ ಆಟವನ್ನು ಒಂದೇ ರಾತ್ರಿಯಲ್ಲಿ ನಕಲು ಮಾಡಿ ಹಂಚುವವರನ್ನು ತಡೆಯಬೇಕು. ಜಾಲದಲ್ಲಿ ಸೇರಿ ಆಡುವಾಗ ಒಬ್ಬನು ಕಳ್ಳಾಟವಾಡಿದರೆ ಉಳಿದವರ ಆಟವೂ ಕೆಡುತ್ತದೆ. ಮಗು ಎಷ್ಟು ಹೊತ್ತು, ಯಾವ ವಯಸ್ಸಿನ ಆಟ ಆಡಬಹುದೆಂದು ಹೆತ್ತವರು ಗೊತ್ತುಮಾಡುವ ಸೌಲಭ್ಯ ಕೆಲಸ ಮಾಡುವುದೂ ಯಂತ್ರದ ಮೇಲೆ ಇಂಥ ಹಿಡಿತವಿರುವುದರಿಂದಲೇ.

ಇವೆಲ್ಲ ನಿಜ. ಆದರೆ ಕಳ್ಳನನ್ನು ತಡೆಯುವುದು ಬೇರೆ, ಕೆಟ್ಟ ಡಿಸ್ಕ್ ಡ್ರೈವ್ ಬದಲಿಸುವವನನ್ನು ತಡೆಯುವುದು ಬೇರೆ. ಹಲವು ಕನ್ಸೋಲ್‌ಗಳಲ್ಲಿ ಡಿಸ್ಕ್ ಓದುವ ಡ್ರೈವ್‌ಗೂ ಒಳಗಿನ ಮುಖ್ಯ ಹಲಗೆಗೂ ಗುಟ್ಟಿನ ನಂಟಿರುತ್ತದೆ. ಹೊಸ ಡ್ರೈವ್ ಹಾಕಿದರೆ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. ಇಂಥ ಬೀಗ ಮುರಿಯುವುದು 1998ರ ಕಾನೂನಿನಂತೆ ಅಮೆರಿಕದಲ್ಲಿ ಅಪರಾಧ. ಡ್ರೈವ್ ರಿಪೇರಿಗೆ ಮಾತ್ರ ವಿನಾಯಿತಿ ಸಿಕ್ಕಿದ್ದು 2021ರಲ್ಲಿ. ಸಾರ್ವಜನಿಕ ನೆನಪಿನ ಮಾತೂ ಇದೆ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ತೋರಿಸಿಕೊಟ್ಟಿತು. ಬೀಗ ಹಾಕಿದವರು ಕೀಲಿಕೈ ಸಮೇತ ಮರೆಯಾದರೆ ಒಳಗಿನ ಆಟ ಯಾರಿಗೂ ಇಲ್ಲ.

ಭಾರತದ ಕಾನೂನು ಒಂದಿಷ್ಟು ಹದವಾಗಿದೆ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಆದರೆ ಕಾಯಿದೆ ನಿಷೇಧಿಸದ ಉದ್ದೇಶಗಳಿಗೆ ಅದು ಅಡ್ಡಿಯಲ್ಲ ಎಂದೂ ಅಲ್ಲೇ ಹೇಳಿದೆ. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆದಿದೆ.

ಕೊಳ್ಳುವ ಮುನ್ನ

ಮನೆಗೆ ಕನ್ಸೋಲ್ ತರುವ ಯೋಚನೆಯಿದ್ದರೆ ಮಕ್ಕಳೂ ಹೆತ್ತವರೂ ಒಟ್ಟಿಗೆ ಕುಳಿತು ಕೇಳಬೇಕಾದ ಪ್ರಶ್ನೆಗಳು ಇಷ್ಟು:

ಡಿಸ್ಕ್ ಹಾಕುವ ಮಾದರಿಯೋ, ಬರೀ ಇಳಿಸಿಕೊಳ್ಳುವ ಮಾದರಿಯೋ? ಎರಡನೆಯದಾದರೆ ಆಡಿ ಮುಗಿದ ಆಟವನ್ನು ಮಾರುವ, ಗೆಳೆಯರಿಗೆ ಕೊಡುವ ಮಾತಿಲ್ಲ. ಯಂತ್ರದ ಬೆಲೆಗಿಂತ ಮುಂದಿನ ಮೂರು ವರ್ಷದ ಆಟಗಳ ಬೆಲೆ ಲೆಕ್ಕ ಹಾಕಿದರೆ ಯಾವುದು ಅಗ್ಗವೆಂದು ಗೊತ್ತಾಗುತ್ತದೆ.

ಬೇಕಾದ ಆಟ ಜಾಲದ ನಂಟಿಲ್ಲದೆ ಒಬ್ಬರೇ ಆಡಲು ಬರುತ್ತದೆಯೇ? ಬಾರದಿದ್ದರೆ ಕಂಪನಿ ಸರ್ವರ್ ಮುಚ್ಚಿದ ದಿನ ಆ ಆಟ ಮುಗಿದಂತೆ.

ಓದಿದ ವಿಮರ್ಶೆ ನಿಮ್ಮ ಮನೆಗೆ ಬರುವ ಯಂತ್ರದಲ್ಲೇ ಆಡಿ ಬರೆದದ್ದೇ? ಬಿಡುಗಡೆಗೆ ಮುಂಚೆ ಬಂದದ್ದೋ, ಆಮೇಲೆ ಬಂದದ್ದೋ? ಎರಡು ವಾರ ಕಾದರೆ ದುಡ್ಡು ಕೊಟ್ಟು ಕೊಂಡು ಆಡಿದವರ ಮಾತು ಕೇಳಲು ಸಿಗುತ್ತದೆ. ಮುಂಗಡ ಕೊಡುವ ಆತುರ ಆಟಗಾರನಿಗಿಂತ ಕಂಪನಿಗೇ ಲಾಭ.

ವಾರಂಟಿ ಮುಗಿದ ಮೇಲೆ ಕೆಟ್ಟರೆ ನಿಮ್ಮ ಊರಿನಲ್ಲಿ ಅಥವಾ ಜಿಲ್ಲೆಯಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ? ಅವರಿಗೆ ಬಿಡಿಭಾಗ ಸಿಗುತ್ತದೆಯೇ? ಅಂಗಡಿಯಲ್ಲಿ ಬಿಲ್ ಮಾಡಿಸುವ ಮೊದಲೇ ಇದನ್ನು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯವನು ಒಬ್ಬ ಗ್ರಾಹಕನಿಗೆ ‘ಅದೆಲ್ಲ ಬೇಕಾಗುವುದಿಲ್ಲ’ ಎಂದಾನು. ಹತ್ತು ಮಂದಿ ಅದನ್ನೇ ಕೇಳಿದರೆ ಕಂಪನಿಗೆ ಫೋನ್ ಮಾಡಿಯಾನು.